ನಾಲ್ಕನೆಯ ಜಾಗ

ಮಂಗಲ್ಪಾಡಿ,
೨೬ ಜುಲೈ ೨೦೨೫

ಪ್ರೀತಿಯ ಅಳಿಯ ಯತಿನ್‌ಗೆ, ಲೋಕನಾಥ ಮಾವನ ಆಶೀರ್ವಾದಗಳು.

ಹೇಗಿದ್ದೀ? ಮಸ್ಕತ್ತಿನ ಸೆಕೆಗೆ ಮೂಗಿನಿಂದ ರಕ್ತ ಬರುತ್ತಿದ್ದದ್ದು ನಿಂತಿತೇ? ನೀರು ಸರಿಯಾಗಿ ಕುಡಿ. ನನ್ನ ಮೊಣಕಾಲು ನೋವು ಹಾಗೆಯೇ ಇದೆ, ಈಗ ಅದಕ್ಕೂ ನನಗೂ ಒಳ್ಳೆಯ ಸ್ನೇಹ. ಫೋನಿರುವಾಗ ಮುದುಕನಿಗೆ ಕಾಗದ ಯಾಕೆಂದು ನಗಬೇಡ. ಗುಡ್ಡದ ಮಾತು ತೆಗೆದರೆ ಸಾಕು, "ನೆಟ್‌ವರ್ಕ್ ಸರಿ ಇಲ್ಲ ಮಾವ" ಎಂದು ಇಟ್ಟುಬಿಡುತ್ತೀ. ಕಾಗದಕ್ಕೆ ಆ ತೊಂದರೆಯಿಲ್ಲ. ನೆರೆಮನೆಯ ಈಶ್ವರಪ್ರಸಾದ ರಜೆ ಮುಗಿಸಿ ನಾಳೆ ನಿಮ್ಮ ಕಡೆಗೇ ಹೊರಟಿದ್ದಾನೆ. ಅವನ ಕೈಯಲ್ಲಿ ಇದನ್ನೂ ನಿನ್ನ ಅಮ್ಮ ಮಾಡಿದ ಹಲಸಿನ ಹಪ್ಪಳವನ್ನೂ ಕೊಡುತ್ತಿದ್ದೇನೆ.

ನಮ್ಮ ಗೇರುಗುಡ್ಡದಲ್ಲಿ ನೀನೂ ನಿನ್ನ ಅಣ್ಣ ಸುಜನನೂ ಕಡಿದ ಸೈಕಲ್ ದಾರಿ ನೆನಪಿಲ್ಲದೆ ಇರುತ್ತದೆಯೇ? ಫೋರ್ ಕ್ರಾಸ್ ಎಂದು ನೀವು ಹೇಳಿದಾಗ ನಾನು ಯಾವುದೋ ಇಸ್ಪೀಟಾಟ ಎಂದುಕೊಂಡಿದ್ದೆ. ಒಂದು ಹಲಗೆಯ ಹಿಂದೆ ನಾಲ್ಕು ಸೈಕಲ್. ನಾನು ಹಗ್ಗ ಎಳೆದು ಹಲಗೆ ಬೀಳಿಸಿದರೆ ನಾಲ್ವರೂ ಒಟ್ಟಿಗೆ, ಭುಜಕ್ಕೆ ಭುಜ ತಾಗಿಸಿಕೊಂಡು, ದಿಬ್ಬ ಹಾರುತ್ತಾ ಇಳಿಜಾರಿಗೆ. ಉಪ್ಪಳದಿಂದೆಲ್ಲ ಜನ ಬರುತ್ತಿದ್ದರು, ಚರುಮುರಿಯವನೂ ಬರುತ್ತಿದ್ದ. ಆಮೇಲೆ ಹೊರದೇಶಗಳ ದೊಡ್ಡ ಸ್ಪರ್ಧೆಗಳಲ್ಲೇ ಅದನ್ನು ಕೈಬಿಟ್ಟರು. ನಮ್ಮ ಸುತ್ತಲಿನ ಹುಡುಗರೂ ಒಬ್ಬೊಬ್ಬರೇ ಇಳಿಯುವ ಓಟಕ್ಕೆ ಹೋದರು. "ಒಬ್ಬನೇ ಇಳಿಯುವುದು ಎಂತ ಓಟ ಮಾವ? ಪಕ್ಕದಲ್ಲಿ ಜನ ಬೇಕು" ಎಂದು ಸುಜನ ಮುಖ ಸಣ್ಣ ಮಾಡಿಕೊಂಡು ಹೇಳುತ್ತಿದ್ದ. ಹೇಗೋ ನಾಲ್ವರನ್ನು ಕೂಡಿಸಿ ಕೊನೆಯವರೆಗೂ ನಡೆಸಿದವನು ಅವನು.

ಆ ಕೊನೆಯ ಓಟದಲ್ಲಿ ನಿನ್ನ ಚಕ್ರಕ್ಕೆ ಅವನ ಚಕ್ರ ತಾಗಿತು. ಅವನು ಮುರಕಲ್ಲಿನ ಮೇಲೆ ಬಿದ್ದ, ಮತ್ತೆ ಏಳಲಿಲ್ಲ. ಹಗ್ಗ ಹಿಡಿದು ಮೇಲೆ ನಿಂತು ಎಲ್ಲ ನೋಡಿದವನು ನಾನು. ಜಾಗವಿಲ್ಲದ ಕಡೆ ನುಗ್ಗಿದವನು ಅವನೇ, ನೀನಲ್ಲ. ಆಗಲೂ ಇದನ್ನೇ ಹೇಳಿದೆ, ನಿನ್ನ ಕಿವಿಗೆ ಹೋಗಲಿಲ್ಲ. ಅವನ ಉತ್ತರಕ್ರಿಯೆ, ಬೊಜ್ಜದ ಊಟ ಮುಗಿದ ವಾರವೇ ವಿಮಾನ ಹತ್ತಿದೆ, ಆಮೇಲೆ ಒಮ್ಮೆಯೂ ಬರಲಿಲ್ಲ. ನನಗೆ ಸಿಟ್ಟಿಲ್ಲ ಮಗಾ, ಸಂಕಟ ಉಂಟು. ದಾರಿಯ ಮೇಲೆ ಮುಳ್ಳು ಬೆಳೆಯಿತು, ಹಲಗೆಗೆ ಗೆದ್ದಲು ಹಿಡಿಯಿತು.

ಈಗ ಒಂದು ಸುದ್ದಿ. ಬಂದ್ಯೋಡಿನ ನಿಶ್ಮಿತಾ ಎಂಬ ಹುಡುಗಿ, ಕಾಲೇಜು ಮುಗಿಸಿದವಳು, ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು ಬಂದು ಆ ದಾರಿ ಬಿಡಿಸುತ್ತಿದ್ದಾಳೆ. ಬೇರೆ ದೇಶಗಳಲ್ಲೂ ಕೆಲವರು ಆ ಓಟಕ್ಕೆ ಮತ್ತೆ ಜೀವ ಕೊಡುತ್ತಿದ್ದಾರಂತೆ. ನನ್ನನ್ನು ಕೇಳದೆ ನೇರ ನಿನ್ನ ಅಮ್ಮನನ್ನೇ ಕೇಳಿದಳು, ಜಾಣೆ. ಮನೋರಮಾ ನನ್ನ ತಂಗಿಯಾದರೂ ಅವಳ ಮನಸ್ಸು ನನಗೆ ತಿಳಿಯುವುದಿಲ್ಲ. ಬೈದು ಓಡಿಸುತ್ತಾಳೆ ಎಂದುಕೊಂಡರೆ, "ಓಡಿಸಿ ಮಕ್ಕಳೇ. ಆದರೆ ಮೂರು ಜನ ಸಾಕಾಗುವುದಿಲ್ಲ ಅಲ್ಲವಾ?" ಎಂದಳು. ಈಗ ಮಳೆ ಬಿಟ್ಟಾಗ ಮೂವರೇ ಇಳಿಯುತ್ತಾರೆ, ಹೊಸ ಹಲಗೆಯ ಹಿಂದೆ ನಾಲ್ಕನೆಯ ಜಾಗ ಖಾಲಿ. ನಾಲ್ಕನೆಯವರು ಯಾರಾದರೂ ಸಿಕ್ಕರೆ ದೀಪಾವಳಿ ಕಳೆದು ಓಟ, ಇಲ್ಲವಾದರೆ ಅದೂ ಇಲ್ಲ. ನೀನು ಬಂದು ಇಳಿ ಎಂದು ನಾನು ಹೇಳುವುದಿಲ್ಲ. ಖಾಲಿ ಜಾಗ ನೋಡಿದಾಗ ನಿನ್ನ ನೆನಪಾಗುತ್ತದೆ, ಅಷ್ಟೇ.

ಹೊತ್ತಿಗೆ ಸರಿಯಾಗಿ ಉಣ್ಣು. ದೈವದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಮಾವ,
ಲೋಕನಾಥ

ವಿ.ಸೂ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ, ಈಶ್ವರಪ್ರಸಾದ ಜಗಲಿಯಲ್ಲಿ ಕಾಯುತ್ತಿದ್ದಾನೆ. ಮೊನ್ನೆ ಆಟಿ ಅಮಾವಾಸ್ಯೆಗೆ ತೀರಿಹೋದವರಿಗೆ ಬಡಿಸುವಾಗ ನಿನ್ನ ಅಮ್ಮ ಸುಜನನ ಎಲೆಯ ಪಕ್ಕ ಇನ್ನೊಂದು ಎಲೆ ಹಾಕಿದಳು. ರೊಟ್ಟಿ ಮುರಿದು, ಎಲುಬಿಲ್ಲದ ತುಂಡು ಹುಡುಕಿ ಕೋಳಿಸಾರು ಬಡಿಸಿದಳು. ಇದು ಯಾರಿಗೆಂದು ಕೇಳಿದೆ. "ಯತಿನನಿಗೆ. ಇಬ್ಬರೂ ಒಟ್ಟಿಗೇ ಕೂರುವುದಲ್ಲವಾ ಅಣ್ಣ?" ಎಂದಳು. ಬದುಕಿರುವವರಿಗೆ ಆ ಸಾಲಿನಲ್ಲಿ ಎಲೆ ಹಾಕಬಾರದೆಂದು ಅವಳಿಗೆ ಗೊತ್ತಿಲ್ಲದ್ದಲ್ಲ. ನಾನು ಆ ಎಲೆ ಎತ್ತಿದೆ. ಅವಳು ಎಲೆ ಇದ್ದ ಜಾಗವನ್ನೇ ನೋಡುತ್ತಾ ಕೂತಳು. ಸೈಕಲ್ ಹಾಗಿರಲಿ ಮಗಾ, ಒಮ್ಮೆ ಬಂದು ಅವಳ ಕಣ್ಣೆದುರು ಕೂತು ಉಣ್ಣು.