ಸಣ್ಣ ಅಳತೆಯ ಸಮವಸ್ತ್ರ

ಹೊಲಿಗೆ ಕಾರ್ಖಾನೆಯ ಹಿಂದಿನ ಓಣಿ
ಮಾರ್ಚ್ ೭, ಶುಕ್ರವಾರ

ಪ್ರೀತಿಯ ತಂಗಿ ಗುಬ್ಬಿಗೆ,

ನಿನ್ನ ಮಂಡಿನೋವು ಹೇಗಿದೆ? ನಿಮ್ಮ ಗಡಿಯೂರಿನಲ್ಲಿ ಔಷಧಿಯೇ ಸಿಗುತ್ತಿಲ್ಲವಂತೆ, ಸೇತುವೆಯಾಚೆ ಪಕ್ಕದ ದೇಶದ ಸೈನ್ಯ ಡೇರೆ ಹಾಕಿದೆಯಂತೆ. ನಮ್ಮ ಬಟ್ಟೆ ಸಾಗಿಸುವ ವ್ಯಾನಿನ ಡ್ರೈವರ್ ಕೈಯಲ್ಲಿ ಎರಡು ಡಬ್ಬಿ ಮುಲಾಮು ಕಳಿಸಿದ್ದೇನೆ. ನಿನ್ನ ಮಗ ಈಗಲೂ ಪುಸ್ತಕವನ್ನು ಮುಖದ ಮೇಲೆ ಮುಚ್ಚಿಕೊಂಡೇ ಓದುತ್ತಾನಾ? ಒಂಬತ್ತನೇ ತರಗತಿಗೆ ಬಂದರೂ ಆ ಸೋಮಾರಿತನ ಥೇಟ್ ನಿನ್ನದೇ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಕೂತೆ, ಕೈ ಓಡಲಿಲ್ಲ.

ಎರಡು ತಿಂಗಳಿಂದ ನಾವು ಹೊಲಿಯುವುದು ಬರೀ ಸೈನ್ಯದ ಸಮವಸ್ತ್ರ. ಆದರೆ ರೇಡಿಯೋದಲ್ಲಿ ಯುದ್ಧವಿಲ್ಲ. ಯುದ್ಧ ಅಂದವರಿಗೆ ಜೈಲು. ಈ ಸೋಮವಾರ ಹೊಸ ಅಳತೆಯ ಚೀಟಿ ಬಂತು. ನಮ್ಮ ಕಟಿಂಗ್ ಮಾಸ್ಟರ್ ಗೊತ್ತಲ್ಲ, ನಿನ್ನ ಮದುವೆಯ ರವಿಕೆ ಕತ್ತರಿಸಿಕೊಟ್ಟವರು, ಬಾಯಿಗೆ ಬೀಗವಿಲ್ಲದ ಮುದುಕ. ಚೀಟಿ ಓದಿ, "ಇಷ್ಟು ಚಿಕ್ಕ ಎದೇನಾ? ಇದನ್ನ ಹಾಕ್ಕೊಳ್ಳೋರಿಗೆ ಇನ್ನೂ ಮೀಸೇನೇ ಬಂದಿರಲ್ಲ ಕಣ್ರಮ್ಮಾ" ಎಂದರು. ಹನ್ನೊಂದು ಮಿಷನ್ನುಗಳೂ ನಿಂತವು.

ಮರುದಿನ ಬೆಳಿಗ್ಗೆ ಇಬ್ಬರು ಬಂದು, ಕುತ್ತಿಗೆಯಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಅವರನ್ನು ಕರೆದೊಯ್ದರು. ಮಧ್ಯಾಹ್ನ ನಮ್ಮನ್ನು ಒಬ್ಬೊಬ್ಬರನ್ನಾಗಿ ಆಫೀಸಿಗೆ ಕರೆಸಿದರು. ಮಾಸ್ಟರ್ ಸುಳ್ಳು ಸುದ್ದಿ ಹಬ್ಬಿಸಿದರು ಎಂದು ಕಾಗದದಲ್ಲಿ ಮೊದಲೇ ಬರೆದಿತ್ತು. "ಸಹಿ ಹಾಕಿ ಮನೆಗೆ ಹೋಗಮ್ಮ. ಇಲ್ಲಾಂದ್ರೆ ಅವರ ಹಿಂದೇನೇ ಹೋಗು" ಎಂದ ಮ್ಯಾನೇಜರ್, ನನ್ನ ಮುಖ ನೋಡದೆ. ಸುಳ್ಳಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು ಗುಬ್ಬಿ. ನುಂಗಿಕೊಂಡೆ. ಸಹಿ ಹಾಕಿದೆ. ಗುಂಡಿ ಹೊಲಿಯುವ ಆ ಮೌನಗೌರಿ, ಇಷ್ಟು ವರ್ಷದಲ್ಲಿ ನಾಲ್ಕು ಮಾತಾಡದವಳು, ಅವಳೊಬ್ಬಳು ಹಾಕಲಿಲ್ಲ. ಅವಳ ಸ್ಟೂಲು ಈಗ ಖಾಲಿ.

ನಿನ್ನೆ ಮಾಸ್ಟರ್ ಹೆಂಡತಿ ಗೇಟಿನ ಬಳಿ ಕಾದಿದ್ದು, ಮಾತ್ರೆಯ ಪೊಟ್ಟಣವೊಂದನ್ನು ನನ್ನ ಕೈಗಿಟ್ಟರು. "ಒಂದು ಹೊತ್ತು ತಪ್ಪಿದ್ರೂ ಅವರಿಗೆ ತಲೆ ತಿರುಗುತ್ತೆ. ಹೇಗಾದ್ರೂ ತಲುಪಿಸಮ್ಮ, ನಿನ್ನ ಬಿಟ್ರೆ ಯಾರನ್ನ ನಂಬಲಿ?" ಎಂದರು. ನನ್ನ ಸಹಿಯ ವಿಷಯ ಅವರಿಗೆ ಗೊತ್ತಿಲ್ಲ. ಪೊಟ್ಟಣ ಮೇಜಿನ ಮೇಲಿದೆ. ಎಲ್ಲಿಗೆ ಒಯ್ಯಲಿ, ಯಾವ ಮುಖ ಹೊತ್ತು ಒಯ್ಯಲಿ?

ನಿನ್ನ ಯಜಮಾನರಿಗೆ ನನ್ನ ನೆನಪು ಹೇಳು. ಮಗನ ತಲೆ ಸವರಿ, ದೊಡ್ಡಮ್ಮನ ಆಶೀರ್ವಾದ ಅನ್ನು.

ನಿನ್ನ
ಅಕ್ಕ

ತಾ.ಕ.: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಚೀಟಿಯಲ್ಲಿದ್ದ ಎದೆಯಳತೆ ಇಪ್ಪತ್ತೆಂಟು ಇಂಚು. ಹೋದ ತಿಂಗಳು ನಿನ್ನ ಮಗನಿಗೆ ಅಂಗಿ ಹೊಲಿಯಲು ನೀನು ಬರೆದು ಕಳಿಸಿದ್ದೂ ಅಷ್ಟೇ. ಆ ಸಮವಸ್ತ್ರಗಳು ಬರುವ ಸೋಮವಾರ ನಿಮ್ಮ ಕಡೆಗೇ ಹೊರಡುತ್ತವೆ. ಈ ವ್ಯಾನು ಇವತ್ತು ಸಂಜೆಯೇ ಖಾಲಿ ವಾಪಸು ಬರುತ್ತದೆ, ಅದರಲ್ಲಿ ಅವನನ್ನು ಕೂರಿಸಿ ಕಳಿಸು. ಶಾಲೆಗೆ ಹೇಳಬೇಡ, ಪಕ್ಕದ ಮನೆಗೂ ಬೇಡ. ಅವನ ಮುಂದೆ ಅಳಬೇಡ ಗುಬ್ಬಿ, ನೀನು ಅತ್ತರೆ ಅವನು ಹೊರಡುವುದಿಲ್ಲ.