ಇಲ್ಲದ ಬ್ರೇಕು

ಮಾರ್ಚ್ 3, ಮಂಗಳವಾರ

ಮತ್ತೆ ಬ್ರೇಕ್ ಹಾಕಿದೆ. ತಿಂಡಿ ಮೇಜಿನ ಕೆಳಗೆ. ಯಜಮಾನರು ಪೇಪರ್ ಓದುತ್ತಾ ಲೋಟಕ್ಕೆ ಕೈ ಚಾಚಿದರು, ಲೋಟ ಅಂಚಿನಲ್ಲಿತ್ತು, ನನ್ನ ಬಲಗಾಲು ಧಡ್ ಎಂದು ಒತ್ತಿತು. ಒತ್ತಿದ್ದು ಅವರ ಪಾದವನ್ನು. ಕಾಫಿಯೆಲ್ಲ ಪ್ಯಾಂಟಿನ ಮೇಲೆ.

"ಆ ಕಾಲಿಗೊಂದು ಲಗಾಮು ಹಾಕೇ!"

ಹಾಕುವ ಹಾಗಿದ್ದರೆ ಹಾಕುತ್ತಿರಲಿಲ್ಲವೇ? ಇಷ್ಟು ವರ್ಷ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತವಳು. ಆ ಸೀಟಿಗೂ ಒಂದು ಬ್ರೇಕ್ ಇರುತ್ತದೆ. ಅದೇ ನನ್ನ ಹೊಟ್ಟೆಪಾಡು. ಅಪಘಾತದಲ್ಲಿ ಮುರಿದ ಪಕ್ಕೆಲುಬು ಕೂಡಿ ಆಯಿತು, ಡಾಕ್ಟರ್ ಕೆಲಸಕ್ಕೆ ಹೋಗಿ ಎಂದೂ ಆಯಿತು. ಈ ಕಾಲು ಮಾತ್ರ ಯಾರ ಮಾತನ್ನೂ ಕೇಳುತ್ತಿಲ್ಲ. ಸ್ಕೂಲಿನ ಕಾರಿನ ಬಾಗಿಲು ತೆಗೆದರೆ ಸಾಕು, ಮೈಯೆಲ್ಲ ಬೆವರು.

ಓನರ್ ಇವತ್ತು ಹೇಳಿಯೇಬಿಟ್ಟರು. "ತಿಂಗಳ ಕೊನೆವರೆಗೂ ನೋಡ್ತೀನಿ ಮೇಡಂ. ಆಗ್ಲಿಲ್ಲ ಅಂದ್ರೆ ಕೌಂಟರಲ್ಲಿ ಕೂತ್ಕೊಳ್ಳಿ, ಸಿಗ್ನಲ್ ಬೋರ್ಡ್ ಪಾಠ ಮಾಡಿ."

ಕೌಂಟರ್! ನಾನು! ಕಡ್ಡಿ ಹಿಡಿದು ತ್ರಿಕೋನ ತೋರಿಸುವುದಕ್ಕೆ!

ನಾದಿನಿ ಒಂದು ಫೋನ್ ನಂಬರ್ ಕೊಟ್ಟಿದ್ದಾಳೆ. ಯಾರೋ ಥೆರಪಿಸ್ಟ್. ಮನಸ್ಸಿನ ಪೆಟ್ಟನ್ನು ಮೈಯ ಮೂಲಕ ವಾಸಿ ಮಾಡುತ್ತಾರಂತೆ. ಮಾತು ಕಡಿಮೆಯಂತೆ. ಹಾಗಿದ್ದರೆ ಬಾಯಿ ಮುಚ್ಚಲು ಬಾರದ ನಾದಿನಿಗೆ ಆ ನಂಬರ್ ಯಾಕೆ ಬೇಕಿತ್ತೋ... ಕೇಳಲಿಲ್ಲ.

ಮಾರ್ಚ್ 5, ಗುರುವಾರ

ಹೋಗಿ ಬಂದೆ. ಮೂರನೇ ಮಹಡಿ, ಬಿಳಿ ಗೋಡೆ, ಎಲ್ಲಿ ನೋಡಿದರೂ ದಿಂಬು. ಥೆರಪಿಸ್ಟ್ ಚಿಕ್ಕ ವಯಸ್ಸಿನವಳು. ಮಗು ಮಲಗಿಸುವಂಥ ದನಿ.

"ಆ ದಿನ ನೆನೆಸ್ಕೊಂಡ್ರೆ ಮೈಯಲ್ಲಿ ಎಲ್ಲಿ, ಏನು ಗೊತ್ತಾಗುತ್ತೆ?"

"ಸೊಂಟದಲ್ಲಿ. ನಿಮ್ಮ ಕುರ್ಚಿ ಸರಿಯಿಲ್ಲ."

ನಗಲಿಲ್ಲ. ಬರೆದುಕೊಂಡಳು!

ಕೊನೆಗೆ ಹೇಳಿದೆ. ಲೈಬ್ರರಿಯಲ್ಲಿ ಕೆಲಸ ಮಾಡುವ ಹುಡುಗಿಗೆ ಕಲಿಸುತ್ತಿದ್ದೆ. ಅವಳೇ ಓಡಿಸುತ್ತಿದ್ದಳು. ನಮಗೆ ಹಸಿರು ದೀಪ. ಹಾಲಿನ ವ್ಯಾನ್ ಅಡ್ಡರಸ್ತೆಯಿಂದ ನುಗ್ಗಿ ಬಂತು, ನೇರ ನನ್ನ ಬಾಗಿಲಿಗೆ. ಬ್ರೇಕ್ ಹಾಕಲು ಕಾಲು ಎತ್ತಿದ್ದೆ. ಒತ್ತುವಷ್ಟರಲ್ಲಿ... ತಪ್ಪು ಅವಳದಲ್ಲ, ನನ್ನದೂ ಅಲ್ಲ. ವ್ಯಾನಿನವನದು.

ಹೇಳುತ್ತಿದ್ದ ಹಾಗೇ ಕಾಲು ಧಡ್. ಟಿಶ್ಯೂ ಡಬ್ಬ ಹೋಗಿ ಗೋಡೆಗೆ ಬಡಿಯಿತು.

"ನಿಮ್ಮ ಕಾಲು ಶುರು ಮಾಡಿದ ಕೆಲಸ ಮುಗಿದಿಲ್ಲ," ಅಂದಳು. "ಇನ್ನೂ ಮುಗಿಸೋಕೆ ನೋಡ್ತಾನೇ ಇದೆ."

ನನ್ನ ಅರ್ಧ ವಯಸ್ಸೂ ಇಲ್ಲ ಅವಳಿಗೆ. ಆದರೂ ಮನೆ ಸೇರುವವರೆಗೂ ಅದೇ ಮಾತು ತಲೆಯಲ್ಲಿ.

ಮಾರ್ಚ್ 10, ಮಂಗಳವಾರ

ಹೋಂವರ್ಕ್. ಗೋಡೆಗೆ ಪಾದ ಕೊಟ್ಟು ನಿಧಾನವಾಗಿ ತಳ್ಳಬೇಕು. ನಡುಕ ಬಂದರೆ ತಡೆಯಬಾರದು. ಮಂಚದ ಪಕ್ಕ ಅಂಗಾತ ಮಲಗಿ ತಳ್ಳಿದೆ. ಬಂತು ನೋಡು — ತೊಡೆಯಿಂದ ಹಲ್ಲಿನವರೆಗೆ, ಹಳೇ ವಾಷಿಂಗ್ ಮಷೀನ್ ತರಹ. ಒಳಗೆ ಬಂದ ಯಜಮಾನರು ಹೌಹಾರಿ ಪಕ್ಕದ ಮನೆಯ ನರ್ಸನ್ನು ಎಳೆದುಕೊಂಡು ಬಂದರು. ಆಕೆ ನಾಡಿ ಹಿಡಿದು ನೋಡಿದರು. ನಾನು ನಡುಗುತ್ತಲೇ, "ಹೋಂ-ಹೋಂವರ್ಕ್ ರೀ!"

ಹೋಗುವಾಗ ನರ್ಸ್ ಇವರ ಕಿವಿಯಲ್ಲಿ, "ಅವರಿಗೆ ಸ್ವಲ್ಪ ರೆಸ್ಟ್ ಕೊಡಿ." ರೆಸ್ಟ್ ಬೇಡ ಅಂತ ತಾನೇ ಇಷ್ಟೆಲ್ಲ ಒದ್ದಾಟ!

ಆಮೇಲೆ ನಿದ್ದೆ ಹತ್ತಿತು. ಅಪಘಾತದ ನಂತರ ಹಾಗೆ ಮಲಗಿರಲಿಲ್ಲ. ಖುಷಿಯಾಯಿತು.

ಮಾರ್ಚ್ 17, ಮಂಗಳವಾರ

ಮುಂದಿನ ಹೆಜ್ಜೆಯಂತೆ: ಮಾಮೂಲಿ ಕಾರು, ಪಕ್ಕದ ಸೀಟು, ಬ್ರೇಕ್ ಇಲ್ಲ. "ನೀವು ನಂಬೋರು ಯಾರಾದ್ರೂ ಓಡಿಸಲಿ."

ಬಂತಲ್ಲ ಪೇಚಾಟ. ಊರಿನ ಅರ್ಧ ಜನಕ್ಕೆ ಕಲಿಸಿದ್ದೇ ನಾನು. ಹಾಗಾಗಿ ಒಬ್ಬರ ಮೇಲೂ ನಂಬಿಕೆಯಿಲ್ಲ. ಹಲ್ಲಿನ ಡಾಕ್ಟರ್ — ರಿವರ್ಸ್ ತೆಗೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ಬ್ಯಾಂಕ್ ಮ್ಯಾನೇಜರ್ — ಇಂಡಿಕೇಟರ್ ಹಾಕಿದರೆ ಗಂಟು ಕರಗುತ್ತದೆ ಎಂದುಕೊಂಡಿದ್ದಾರೆ. ನಾದಿನಿ — ಮಾತಾಡಲು ಎರಡೂ ಕೈ ಬೇಕು. ಯಜಮಾನರು ಮೊದಲ ಪಾಠದ ಮಧ್ಯೆಯೇ ಇಳಿದು ಬಸ್ ಹತ್ತಿದವರು. ಸಂಸಾರ ಉಳಿದದ್ದೇ ಅದರಿಂದ.

"ನೀವೇ ಓಡಿಸಿ," ಅಂದೆ ಥೆರಪಿಸ್ಟಿಗೆ.

"ಅಯ್ಯೋ, ನಂಗೆ ಸ್ಟಿಯರಿಂಗ್ ಅಂದ್ರೇ ಭಯ."

ಮೈಯಲ್ಲಿ ಎಲ್ಲಿ, ಏನು ಗೊತ್ತಾಗುತ್ತದೆ ಎಂದು ಕೇಳೋಣ ಅನ್ನಿಸಿತು.

ಮಾರ್ಚ್ 27, ಶುಕ್ರವಾರ

ಇಷ್ಟು ದಿನ ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಓನರ್ ಕೌಂಟರಿಗೆ ಹೊಸ ಕುರ್ಚಿ ತರಿಸಿದ್ದಾರೆ. ಒಂದು ಸುತ್ತು ತಿರುಗಿಸಿಯೂ ತೋರಿಸಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಟಾಯ್ಲೆಟ್ಟಿಗೆ ಹೋಗಿ ಅತ್ತು ಬಂದೆ. ಆ ಸೀಟು ಬಿಟ್ಟರೆ ನನಗೆ ಬೇರೇನು ಬರುತ್ತದೆ?

ಸಂಜೆ ಬಾಗಿಲಲ್ಲಿ ಲೈಬ್ರರಿ ಹುಡುಗಿ! ಅಪಘಾತದ ನಂತರ ಮುಖ ತೋರಿಸಿರಲಿಲ್ಲ. ನಾದಿನಿ ಎಲ್ಲ ಒದರಿದ್ದಾಳೆ. ಅವಳ ಬಾಯಲ್ಲಿ ಗುಟ್ಟು ನಿಲ್ಲುವುದುಂಟೇ?

"ಬೇರೆ ಸ್ಕೂಲಲ್ಲಿ ಕಲಿತು ಲೈಸೆನ್ಸ್ ತಗೊಂಡೆ ಮೇಡಂ. ನಿಮ್ಮೆದುರು ಬರೋಕೆ ಧೈರ್ಯ ಇರ್ಲಿಲ್ಲ. ನಾನು ಓಡಿಸ್ಲಾ?"

ಬೇರೆ ಸ್ಕೂಲು! ಸಿಟ್ಟು ನೆತ್ತಿಗೇರಿತು. ಅಲ್ಲಿ ಕನ್ನಡಿ ನೋಡುವುದನ್ನೂ ಕಲಿಸುವುದಿಲ್ಲ. ಬೇಡ ಅನ್ನಲೆಂದೇ ಬಾಯಿ ತೆರೆದೆ. "ನಾಳೆ ಬಾ," ಅಂದುಬಿಟ್ಟೆ.

ಮಾರ್ಚ್ 28, ಶನಿವಾರ

ಅಕ್ಷರವೆಲ್ಲ ಕಾಗೆ ಕಾಲು ಗುಬ್ಬಿ ಕಾಲು.

ಅವಳ ಅಣ್ಣನ ಕಾರು. ಹತ್ತಿದೆ, ಬೆಲ್ಟ್ ಹಾಕಿದೆ. ಪೆಡಲ್ ಇರಬೇಕಾದ ಕಡೆ ಒಂದು ಖಾಲಿ ನೀರಿನ ಬಾಟಲಿ. ಮೊದಲ ಬೀದಿಯಲ್ಲೇ ಅದನ್ನು ಅಪ್ಪಚ್ಚಿ ಮಾಡಿದೆ. ಅವಳು ಪ್ರತಿ ತಿರುವಿಗೂ ಕನ್ನಡಿ ನೋಡುತ್ತಿದ್ದಳು. ಅದು ನಾನು ಕಲಿಸಿದ್ದು!

ಅದೇ ಚೌಕ ಬಂತು. ಬೇರೆ ದಾರಿ ಹಿಡಿಯಲೇ ಅಂದಳು. ಬೇಡ ಅಂದೆ. ಹಸಿರು ದೀಪ. ಹೊರಟೆವು. ಅಡ್ಡದಿಂದ ಒಂದು ಸ್ಕೂಟರ್, ಕೆಂಪು ದೀಪಕ್ಕೆ ಕ್ಯಾರೇ ಅನ್ನದೆ —

ಕಾಲು ಒತ್ತಿತು. ಪೂರ್ತಿ, ಇದ್ದ ಬಲವೆಲ್ಲ ಹಾಕಿ. ಬರೀ ಮ್ಯಾಟಿನ ಮೇಲೆ.

ಕಾರು ನಿಂತಿತು.

ಅವಳೂ ಒತ್ತಿದ್ದಳು. ಅದೇ ಕ್ಷಣ. ಸ್ಕೂಟರಿನವನು ನಮ್ಮನ್ನೇ ಬೈದುಕೊಂಡು ಹೋದ.

ನಿಲ್ಲಿಸಿದ್ದು ಯಾರೆಂದು ನನ್ನ ಕಾಲಿಗೇನು ಗೊತ್ತು? ಒತ್ತಿತು, ನಿಂತಿತು. ಅದಕ್ಕೆ ಅಷ್ಟೇ ಬೇಕಿತ್ತು ಇಷ್ಟು ದಿನ. ನಡುಕ ಬಂತು, ಜೊತೆಗೇ ಅಳು. ತಡೆಯಲಿಲ್ಲ. ನೋಡಿದರೆ ಅವಳೂ ಸ್ಟಿಯರಿಂಗ್ ಹಿಡಿದು ಗಡಗಡ.

"ಮೇಡಂ... ಹಿಂದೆ ಎಲ್ರೂ ಹಾರ್ನ್ ಹೊಡೀತಿದಾರೆ."

"ಹೊಡ್ಕೊಳ್ಲಿ ಬಿಡೇ. ನೀನು ನಡುಗಿ ಮುಗಿಸು."

ಮಾರ್ಚ್ 30, ಸೋಮವಾರ. ಬೆಳಿಗ್ಗೆ 9

ಸ್ಕೂಲಿನ ಕಾರಿನೊಳಗೆ ಕೂತು ಬರೆಯುತ್ತಿದ್ದೇನೆ. ನನ್ನ ಸೀಟು. ಬಾಗಿಲು ಮುಚ್ಚಿದೆ. ಬೆವರಿದೆ, ಒರೆಸಿಕೊಳ್ಳುವಷ್ಟು ಮಾತ್ರ. ಬ್ರೇಕ್ ಮೇಲೆ ಕಾಲಿಟ್ಟೆ, ತೆಗೆ ಅಂದೆ. ತೆಗೆಯಿತು.

ಹೊಸಬರು ಬಂದು ಕೂತರು. ರಿಟೈರ್ಡ್ ಹೆಡ್‌ಮಾಸ್ಟರ್. ನನಗಿಂತ ಹೆಚ್ಚು ಹೆದರಿದ್ದಾರೆ. ಒಂದು ನಿಮಿಷ ಸರ್, ಇದೊಂದು ಸಾಲು ಬರೆದುಬಿಡುತ್ತೇನೆ ಅಂದೆ. ಕಿವಿಗೆ ಹಾಕಿಕೊಳ್ಳದೆ ಕೀ ತಿರುಗಿಸಿದರು. ಅಯ್ಯಯ್ಯೋ, ಗೇರಲ್ಲೇ ಇದೆ, ಎದುರಿಗೆ ಓನರ್ ನಿಂತಿದ್ದಾರೆ, ಕಾಲು ಆಗಲೇ ಬ್ರೇಕ್ ಮೇ—