ನೀರೊಳಗಿನ ಮೂರನೇ ಮೆಟ್ಟಿಲು

ದೇವರಾಜ ಅರಸು ಬಡಾವಣೆ,
ದಾವಣಗೆರೆ
13 ಫೆಬ್ರವರಿ 2025

ಪ್ರೀತಿಯ ಅವ್ವನಿಗೆ ರೂಪಶ್ರೀ ಮಾಡುವ ಶರಣು.

ಭಾನುವಾರದಿಂದ ನೀನು ಭಾನುವಳ್ಳಿಯಿಂದ ಫೋನ್ ಮಾಡುತ್ತಲೇ ಇದ್ದೀಯ, ನಾನು ಎತ್ತಿಲ್ಲ. ಕ್ಷಮಿಸು. ಎತ್ತಿದ್ದರೆ ಜಗಳವಾಗುತ್ತಿತ್ತು, ನೀನು ಅಳುತ್ತಿದ್ದೆ, ಹೇಳಬೇಕಾದದ್ದು ಹಾಗೇ ಉಳಿಯುತ್ತಿತ್ತು. ಲಗ್ನಪತ್ರಿಕೆ ಅಚ್ಚಿಗೆ ಕೊಡಲೇ ಎಂದು ಕೇಳಿದ್ದೀಯಲ್ಲ, ಅದಕ್ಕೂ ಇದರಲ್ಲೇ ಉತ್ತರವಿದೆ. ಮಂಡಿನೋವು ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀಯಾ, ಇಲ್ಲಾ ಬಾಟಲಿ ಗೂಡಿನಲ್ಲೇ ಕೂತಿದೆಯಾ?

ಭಾನುವಾರ ನಾನೂ ಬಕ್ಕೇಶರೂ ಮದುವೆಗೆ ಮುಂಚಿನ ಫೋಟೋ ತೆಗೆಸಲು ಅರಮನೆಕೆರೆಗೆ ಹೋಗಿದ್ದೆವು. ಹರಿಹರದಿಂದ ಅವರೇ ಕಾರು ತಂದಿದ್ದರು. ಯಾವುದೋ ಕಾಲದ ಪಾಳೆಯಗಾರ ಎರಡು ಗುಡ್ಡಗಳ ನಡುವೆ ಏರಿ ಹಾಕಿಸಿ ನೀರು ನಿಲ್ಲಿಸಿದನಂತೆ, ನೀರಿನ ನಡುವೆ ಅವನ ಬೇಸಿಗೆ ಅರಮನೆ. ಈಗ ಉಳಿದಿರುವುದು ನಾಲ್ಕು ಕಮಾನು, ಒಂದಿಷ್ಟು ಪಾರಿವಾಳ. ಬಾಡಿಗೆಗೆ ತಂದ ಕೆಂಪು ಗೌನು ನನಗಿಂತ ಮೂರು ಪಟ್ಟು ಉದ್ದವಿತ್ತು. ನೀನು ನೋಡಿದ್ದರೆ, ‘ಪೆಂಡಾಲ್ ಬಟ್ಟೆ ಯಾಕ ಸುತ್ಕಂಡೀಯೇ’ ಎನ್ನುತ್ತಿದ್ದೆ.

‘ನಾನೂ ಮೊದಲನೇ ಸಲ ಬರ್ತಿರೋದು,’ ಎಂದು ದಾರಿಯಲ್ಲಿ ಬಕ್ಕೇಶ್ ಹೇಳಿದ್ದರು. ದೋಣಿ ಹತ್ತಲು ಕೆರೆಯ ಮೆಟ್ಟಿಲು ಇಳಿಯುವಾಗ ನನ್ನ ಮೊಣಕೈ ಹಿಡಿದು, ‘ಮೂರನೇದರ ಮ್ಯಾಲೆ ಕಾಲಿಡಬ್ಯಾಡ್ರಿ, ಪಾಚಿ ಐತೆ’ ಎಂದರು. ಮೂರನೇ ಮೆಟ್ಟಿಲು ನೀರಿನೊಳಗಿತ್ತು, ಅವ್ವಾ. ಮೇಲಿಂದ ಕಾಣುತ್ತಲೇ ಇರಲಿಲ್ಲ. ಎಷ್ಟು ಕಾಳಜಿ ಎಂದು ಹಿಗ್ಗಿದೆ, ದಡ್ಡಿ ನಾನು.

ನಡುನೀರಿಗೆ ಬಂದಾಗ ದೋಣಿಯ ಸೈಫುಲ್ಲಾ ಹುಟ್ಟು ನಿಲ್ಲಿಸಿ ಅವರ ಮುಖವನ್ನೇ ನೋಡಿದ. ‘ಅಣ್ಣಾರ, ನೀವಲ್ಲೇನ್ರಿ! ಮದುವಿ ಆದ ಹೊಸದಾಗಿ ಬಂದಿದ್ರಲ್ಲ, ಅಕ್ಕಾರು ಮೆಟ್ಲು ಜಾರಿ ಬಿದ್ದು ಕಾಲ್ಗೆಜ್ಜೆ ಕಳಕಂಡಿದ್ರು, ನಾನೇ ಮುಳುಗಿ ತಂದ್ಕೊಟ್ಟೆ. ಅಕ್ಕಾರು ಆರಾಮದಾರಾ?’

ಬಕ್ಕೇಶ್ ನೀರು ನೋಡುತ್ತಾ, ‘ಆಕಿ ಹೋಗಿ ಮೂರು ವರ್ಷ ಆತಪ್ಪ. ಡೆಂಗ್ಯೂ’ ಎಂದರು.

ಎದ್ದು ಹೋಗೋಣವೆಂದರೆ ಸುತ್ತ ನೀರು, ಗೌನು ಬೇರೆ ಹಲಗೆಗೆ ಸಿಕ್ಕಿಕೊಂಡಿತ್ತು. ದಡದಿಂದ ಫೋಟೋದ ನಿಂಗರಾಜ್ ಕೂಗುತ್ತಿದ್ದ: ‘ಮೇಡಂ, ನಗ್ರಿ! ಸಾರ್ ಭುಜದ ಮ್ಯಾಲೆ ತಲೆ ಇಡ್ರಿ!’ ಇಟ್ಟೆ. ಬೇರೇನು ಮಾಡಬೇಕೆಂದೇ ತಿಳಿಯಲಿಲ್ಲ. ಅದೇ ಫೋಟೋ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆಯಂತೆ.

ಅರಮನೆಯ ಕಮಾನಿನಡಿ, ಪಾರಿವಾಳಗಳೆಲ್ಲ ಹಾರಿಹೋಗುವಷ್ಟು ಜೋರಾಗಿ ಕೇಳಿದೆ: ‘ನನಗ್ಯಾಕ ಹೇಳಲಿಲ್ಲ?’ ಅವರು ತಲೆ ತಗ್ಗಿಸಿ ಕಣ್ಣೊರೆಸಿಕೊಂಡರು. ಹೆಂಡತಿ ತೀರಿಹೋದದ್ದು ಅವರ ತಪ್ಪಲ್ಲ, ನನಗೂ ಗೊತ್ತು. ಆದರೂ ನಾಲ್ಕು ದಿನದಿಂದ ಅನ್ನ ಸೇರುತ್ತಿಲ್ಲ.

ಬಿ.ಪಿ. ಮಾತ್ರೆ ತಪ್ಪಿಸಬೇಡ. ರುದ್ರಮುನಿ ಮಾವನಿಗೆ ನನ್ನ ಶರಣು ಹೇಳು. ಕೋಪ ಎಷ್ಟೇ ಇರಲಿ, ನೂರು ವರ್ಷ ಚೆನ್ನಾಗಿರು.

ನಿನ್ನ ಮಗಳು,
ರೂಪಶ್ರೀ

ತಾ.ಕ.: ಬಕ್ಕೇಶ್ ಕೊಟ್ಟ ಉತ್ತರವನ್ನು ಮೇಲೆ ಬರೆಯಲು ಕೈ ಬರಲಿಲ್ಲ. ‘ಹೆಣ್ಣು ನೋಡಾಕೆ ಬಂದ ದಿನಾನೇ ನಿಮ್ಮ ಅವ್ವಾರಿಗೆ ಎಲ್ಲಾ ಹೇಳಿದ್ದೆ. ಅವರೇ ಕೈ ಮುಗಿದು, ಆಕಿಗೆ ಹೇಳಬ್ಯಾಡ್ರಿ, ಮೂವತ್ನಾಲ್ಕು ಆತು, ಇದೂ ತಪ್ಪಿದ್ರೆ ಇನ್ಯಾರೂ ಬರಲ್ಲ, ತಾಳಿ ಬಿದ್ದ ಮ್ಯಾಲೆ ನಾನೇ ಹೇಳ್ತೀನಿ ಅಂದ್ರು.’ ಅವರು ನನಗೆ ಅವತ್ತೇ ಇಷ್ಟವಾಗಿದ್ದರು, ಅವ್ವಾ. ನೀನು ಕೇಳಿದ್ದರೆ ಹೂಂ ಅನ್ನುತ್ತಿದ್ದೆ. ಬಸ್ಸು ಹತ್ತಿ ಬಾ, ಎದುರಿಗೆ ಕೂತು ನನ್ನನ್ನು ಕೇಳು. ಅಲ್ಲಿಯವರೆಗೆ ಪತ್ರಿಕೆ ಅಚ್ಚಿಗೆ ಕೊಡಬೇಡ.